ಎಡಗಿವಿಯ ಸ್ಪಂಜು

ಆ ಬೆಳಿಗ್ಗೆ ಚನ್ನರಾಯಪಟ್ಟಣದ ಮೇಲೆ ಮಂಜು ಇಳಿದಿತ್ತು. ಮಂಡಿಯ ತೆಂಗಿನಕಾಯಿ ರಾಶಿಗಳು ಭಸ್ಮ ಧರಿಸಿದ ಜಂಗಮರಂತೆ ಸುಮ್ಮನೆ ಕೂತಿದ್ದವು.

ಗಂಗಾಂಬಿಕೆ ಹಾಸನದ ಬಸ್ಸಿನಲ್ಲಿ ಕಿಟಕಿಗೆ ಒರಗಿದಳು. ಪಕ್ಕದ ಸೀಟು ಖಾಲಿ. ಕಾಲೇಜಿನ ದಿನಗಳಲ್ಲಿ ಅಲ್ಲಿ ಜಯಂತ್ ಕೂರುತ್ತಿದ್ದ. ಒಂದೇ ವಾಕ್‌ಮನ್. ಎಡಗಿವಿ ಅವಳದು, ಬಲಗಿವಿ ಅವನದು. ವಿದೇಶದ ಆ ಹೆವಿ ಮೆಟಲ್ ಬ್ಯಾಂಡಿನ ಇಬ್ಬರು ಗಿಟಾರಿನವರಲ್ಲಿ ಒಬ್ಬನ ನಾದ ಒಂದು ಕಿವಿಗೆ, ಇನ್ನೊಬ್ಬನದು ಇನ್ನೊಂದಕ್ಕೆ. ಅವಳು ಕೇಳಿದ್ದೆಲ್ಲ ಅರ್ಧ ಹಾಡು. ಆಗ ಅದೇ ಪೂರ್ತಿ ಅನ್ನಿಸುತ್ತಿತ್ತು.

ಅವನು ಮದುವೆಯ ಮಾತೆತ್ತಿದ ದಿನ ಅವಳು ಇಯರ್‌ಫೋನಿನ ಎಡಗಡೆಯ ಕಪ್ಪು ಸ್ಪಂಜನ್ನು ಕಿತ್ತುಕೊಂಡು, ಅಪ್ಪ ಒಪ್ಪಿದ ದಿನ ವಾಪಸ್ ಕೊಡುತ್ತೇನೆ ಎಂದಿದ್ದಳು. ಕಾಯಿ ವ್ಯಾಪಾರದ ಅವಳಪ್ಪ ಪಾಲಾಕ್ಷಪ್ಪ ಅರ್ಚಕರ ಮನೆಯ ಹುಡುಗನನ್ನು ಒಪ್ಪಲಿಲ್ಲ. ಮಗಳು ಬೇರೆ ಯಾರನ್ನೂ ಒಪ್ಪಲಿಲ್ಲ. ಸ್ಪಂಜು ದೇವರ ಗೂಡಿನ ವಿಭೂತಿ ಡಬ್ಬಿಯ ತಳದಲ್ಲಿ ಉಳಿಯಿತು.

ಅಪ್ಪನಿಗೆ ಅದು ಯಾವತ್ತೋ ಸಿಕ್ಕಿರಬೇಕು. ಹೋದ ಸೋಮವಾರ ಹಣೆಗೆ ವಿಭೂತಿ ಹಚ್ಚುತ್ತ, ಅವಳ ಮುಖ ನೋಡದೆ ಹೇಳಿದರು:

"ಇನ್ನೊಬ್ರ ಸಾಮಾನು ಎಷ್ಟು ದಿನ ಇಟ್ಕೊಂಡಿರ್ತೀಯವ್ವ? ಓಗಿ ಕೊಟ್ಬುಡು."

ಎಲ್ಲಿ ಹುಡುಕುವುದು? ಅವನಿಗೆ ಮದುವೆಯಾಗಿದ್ದರೆ? ಅಷ್ಟರಲ್ಲಿ ಪೇಪರಿನಲ್ಲಿ ಕಂಡಿತು. ಜಗಳವಾಡಿ ದೂರವಾಗಿದ್ದ ಆ ಗಿಟಾರಿನವರು ನರೆಗೂದಲಲ್ಲಿ ಮತ್ತೆ ಕೂಡಿ ಹೊಸ ಆಲ್ಬಂ ಮಾಡಿದ್ದರು. ಆ ಬ್ಯಾಂಡಿನ ಪ್ರತಿ ಕ್ಯಾಸೆಟ್ಟನ್ನೂ ಬಂದ ದಿನವೇ ಜಯಂತ್ ಕೊಳ್ಳುತ್ತಿದ್ದ ಹಾಸನದ ಕೆಂಪಣ್ಣನ ಅಂಗಡಿಗೆ ಫೋನ್ ಮಾಡಿದಾಗ ಶುಕ್ರವಾರ ಬರುತ್ತದೆ ಎಂದಿದ್ದ. ಹಾಗಾದರೆ ಜಯಂತ್ ಕೂಡ ಬರುತ್ತಾನೆ.

ಬಸ್ಸಿಳಿದು ಅಂಗಡಿಗೆ ಹೋಗಿ ಅವಳು ಹೊಸ ಆಲ್ಬಂ ಕೇಳಿದಳು.

"ಒಂದೇ ಬಂದಿರೋದು ಕಣಮ್ಮ. ಈ ಸಾಹೇಬ್ರು ಮೊದ್ಲೇ ಏಳಿಟ್ಟವ್ರೆ," ಎಂದ ಕೆಂಪಣ್ಣ, ಬೆನ್ನು ತಿರುಗಿಸಿ ನಿಂತಿದ್ದವನನ್ನು ತೋರಿಸುತ್ತ.

ಜಯಂತ್ ತಿರುಗಿದ. ಕಿವಿಯ ಮೇಲೆ ಬೆಳ್ಳಿ ಕೂದಲು. ಕಣ್ಣಂಚಿನಲ್ಲಿ ಅದೇ ತುಂಟತನವಿತ್ತು, ಆದರೆ ಬಹಳ ದಿನ ಯಾರೂ ಕೂರದ ಜಗುಲಿಯಂತೆ ಬರಿದಾಗಿತ್ತು.

"ಈ ಕಿರುಚಾಟ ಇನ್ನೂ ಬಿಟ್ಟಿಲ್ವಾ?" ಅವಳು ಕೇಳಿದಳು.

"ಈಗ ಕಿರುಚೋದು ಕಮ್ಮಿ ಮಾಡಿದಾರಂತೆ. ವಯಸ್ಸಾಯ್ತಲ್ಲ."

"ಅವರಿಗಾ?"

ಅವನು ನಕ್ಕು ನೆಲ ನೋಡಿದ.

ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಅವನು ತೆಗೆದದ್ದು ಅದೇ ಹಳೆಯ ಇಯರ್‌ಫೋನ್. ಎಡಗಡೆ ಇನ್ನೂ ಬೋಳು.

"ಚುಚ್ಚಲ್ವಾ?"

"ಆ ಕಡೆದು ನಾನು ಹಾಕ್ಕೊಳ್ಳಲ್ಲ." ಅವನು ಆ ಬೋಳು ಕಡೆಯನ್ನು ಅವಳತ್ತ ಚಾಚಿದ. "ಅದು ನಿಂದಲ್ವಾ."

ಗಂಗಾಂಬಿಕೆ ಕರ್ಚೀಫಿನ ಗಂಟು ಬಿಚ್ಚಿದಳು. ವಿಭೂತಿ ಮೆತ್ತಿ ನರೆತಿದ್ದ ಸ್ಪಂಜನ್ನು, ಪ್ರಸಾದ ಕೊಡುವಾಗಿನಂತೆ ಬಲಗೈಗೆ ಎಡಗೈ ಆನಿಸಿ, ಅವನ ಅಂಗೈಯಲ್ಲಿಟ್ಟಳು.