ನರಿಮುಖದ ಅಂಬಿಗ

"ತೆಗೀರಿ ಆ ಮುಖವಾಡ! ತೆಗೀರಿ ಅಂದೆ!"

ಸೈಮಿಯ ಕೂಗಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾಂಪೆರೆ ನಗರದ ಆ ದೊಡ್ಡ ಸಭಾಂಗಣದಲ್ಲಿ ಅಂದು ಚಿತ್ರಕಥೆಗಳ ಅಭಿಮಾನಿಗಳ ಸಮ್ಮೇಳನ. ರೆಕ್ಕೆ ಕಟ್ಟಿಕೊಂಡವರಿದ್ದರು, ಕತ್ತಿ ಹಿಡಿದವರಿದ್ದರು, ಮೈಗೆಲ್ಲ ನೀಲಿ ಬಳಿದುಕೊಂಡವರೂ ಇದ್ದರು. ಆದರೆ ಗುರುತಿಲ್ಲದವರ ಮೇಲೆ ಹೀಗೆ ಕಿರುಚುವವರು ಮಾತ್ರ ಇರಲಿಲ್ಲ... ಆ ಊರಿನಲ್ಲೇ ಇರಲಿಲ್ಲ!

ಅವಳೆದುರು ನಿಂತವನಿಗೆ ನರಿಯ ಮುಖ. ಹರಿದ ಎಡಗಿವಿ. ಒಂದಕ್ಕೊಂದು ಹೊಂದದ ಗುಂಡಿಗಳ ಉದ್ದನೆ ಕೋಟು. ಕೈಯಲ್ಲಿ ದೋಣಿಯ ಹುಟ್ಟು.

ಸೈಮಿ ಆ ಹರಿದ ಕಿವಿಯನ್ನೇ ದಿಟ್ಟಿಸಿದಳು. 'ಇವನು ನನ್ನ ಅಂಬಿಗ! ನಾನು ಹುಟ್ಟಿಸಿದವನು! ನನ್ನ ತಮ್ಮನನ್ನು ಬಿಟ್ಟು ಈ ಲೋಕದಲ್ಲಿ ಯಾರೂ ಇವನನ್ನ ನೋಡಿಲ್ಲವಲ್ಲ...'

ತಾಂಪೆರೆಯಲ್ಲಿ ಟ್ರಾಮ್ ಓಡಿಸುವ ಸೈಮಿ ಮಿತಭಾಷಿ. ತಾಯಿ ಹೋದ ಮೇಲೆ ತಮ್ಮ ವೇಯ್ಕನನ್ನು ಸಾಕಿದವಳು ಅವಳೇ. ಚಿಕ್ಕವನಿದ್ದಾಗ ಅವನು ರಕ್ತದ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಸಾವಿಗೆ ಹೆದರಿ ನಿದ್ದೆಗೆಟ್ಟಾಗ, ಮಂಚದ ಪಕ್ಕ ಕೂತು ಅವಳು ಒಂದು ಕಥೆಯನ್ನು ಚಿತ್ರಿಸತೊಡಗಿದ್ದಳು. ಸತ್ತವರನ್ನು ಆಚೆ ದಡಕ್ಕೆ ದಾಟಿಸುವ ನರಿಮುಖದ ಅಂಬಿಗನ ಕಥೆ. ಹೇಳಬೇಕಾದ ಮಾತು ಹೇಳಿ ಮುಗಿಸುವವರೆಗೂ ಅವನು ಯಾರನ್ನೂ ದೋಣಿ ಹತ್ತಿಸುವುದಿಲ್ಲ! ಹುಡುಗ ಗುಣಮುಖನಾದ. ಈಗ ಮೀಸೆ ಬಂದಿದೆ. ಆದರೂ ಬಿಡುವಾದಾಗಲೆಲ್ಲ ಅಕ್ಕ ಬರೆಯುತ್ತಲೇ ಇದ್ದಳು, ಅವನೊಬ್ಬನಿಗಾಗಿ. ಅಂದು ಅವಳನ್ನು ಸಮ್ಮೇಳನಕ್ಕೆ ಕರೆತಂದವನೂ ಅವನೇ; ಕಾಫಿ ತರಲು ಹೋಗಿದ್ದ.

"ಎಲ್ಲಿಂದ ಕದ್ರಿ ಇದನ್ನ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇವನನ್ನ ಬರೆದವಳು ನಾನು!"

ಆ ಮನುಷ್ಯ ನಿಧಾನವಾಗಿ ಮುಖವಾಡ ತೆಗೆದ. ಬೆವರಿಗೆ ಅಂಟಿದ ಕೂದಲು, ಬೂದುಗಣ್ಣು. ಆ ಕಣ್ಣುಗಳಲ್ಲಿ ಕಳ್ಳನ ಗಾಬರಿ ಇರಲಿಲ್ಲ. ಸಂತೋಷ ಉಕ್ಕುತ್ತಿತ್ತು!

"ನೀವು... ಸೈಮಿ?"

ಅವಳು ಬೆಚ್ಚಿಬಿದ್ದಳು. "ನನ್ನ ಹೆಸರು ನಿಮಗೆ ಹೇಗೆ ಗೊತ್ತು?"

"ನಾನು ಓತ್ಸೊ! ಔಲು ಊರಿನ ಓತ್ಸೊ! ಎರಡು ವರ್ಷದಿಂದ ದಿನಾ ನನಗೆ ಬರೀತಿದ್ದೀರಲ್ಲ!"

"ನಾನಾ?! ನಿಮಗಾ?!"

ಅವನ ಮುಖದ ಬಣ್ಣ ಇಳಿದುಹೋಯಿತು. ಅಷ್ಟರಲ್ಲಿ ಹಿಂದೆ ಏನೋ ಬಿದ್ದ ಸದ್ದು. ವೇಯ್ಕ! ಅವನ ಕೈಯಿಂದ ಕಾಫಿ ಲೋಟಗಳು ಜಾರಿ ನೆಲವೆಲ್ಲ ಕಂದಾಗಿತ್ತು.

"ಅಕ್ಕಾ... ಮೊದಲು ನಿನ್ನ ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಹೇಳೋಣ ಅಂತಿದ್ದೆ..."

"ಏನು ಹೇಳೋಣ ಅಂತಿದ್ದೆ?"

ವೇಯ್ಕ ಬೆರಳು ತೋರಿಸಿದ. ಸೈಮಿ ತಿರುಗಿ ನೋಡಿದಳು. ಅಗೋ, ಕಿಟಕಿಯ ಹತ್ತಿರ ಇನ್ನೊಬ್ಬ ನರಿ! ಮೆಟ್ಟಿಲ ಮೇಲೆ ಮತ್ತಿಬ್ಬರು! ತಾಯಿಯ ಕೈ ಹಿಡಿದ ಪುಟ್ಟ ಹುಡುಗಿಯೊಬ್ಬಳ ಕೋಟಿನಲ್ಲೂ ಬೇರೆ ಬೇರೆ ಗುಂಡಿ!

ಅವಳು ಆ ಗುಂಡಿಗಳನ್ನು ಒಂದೊಂದಾಗಿ ನೋಡಿದಳು.

"ಎಲ್ಲಾ ಇಂಟರ್ನೆಟ್ಟಿಗೆ ಹಾಕಿಬಿಟ್ಟೆ ಅಕ್ಕ, ನಿನ್ನ ಹೆಸರಲ್ಲೇ. ಸಾವಿರಾರು ಜನ ಓದ್ತಾರೆ. ಈ ಓತ್ಸೊ ಪ್ರಶ್ನೆ ಕೇಳಿದ್ರು. ನಾನೇ ನೀನಾಗಿ ಉತ್ತರ ಬರೆದೆ..."

ಓತ್ಸೊ ಇಬ್ಬರನ್ನೂ ನೋಡಿದ. ಆಮೇಲೆ ತುಟಿ ಬಿಗಿಹಿಡಿದು ನಕ್ಕ. ಅಳುವುದಕ್ಕಿಂತ ಕಷ್ಟದ ನಗು.

"ನನ್ನ ಅಣ್ಣ ಸರೋವರದಲ್ಲಿ ಮುಳುಗಿಹೋದ. ಅವನಿಗೆ ಹೇಳಬೇಕಾದ್ದು ಏನೂ ಹೇಳಿರಲಿಲ್ಲ ನಾನು. ಆ ಚಳಿಗಾಲ ಈ ಅಂಬಿಗ ನನ್ನ ಬದುಕಿಸಿದ. ಆಮೇಲೆ ಅವನನ್ನ ಬರೆದವಳು ಬದುಕಿಸಿದಳು... ಹಾಗಂದ್ಕೊಂಡಿದ್ದೆ." ವೇಯ್ಕನ ಕಡೆ ತಿರುಗಿದ. "ಕೊನೆಗೆ ನಾನು ಮನಸ್ಸು ಕೊಟ್ಟಿದ್ದು ನಿನಗೆ ಅಂತಾಯ್ತಲ್ಲೋ ಮಾರಾಯ!"

ಹುಟ್ಟನ್ನು ಮೆಲ್ಲನೆ ಗೋಡೆಗೆ ಒರಗಿಸಿದ. "ಕ್ಷಮಿಸಿ ಸೈಮಿ. ನಿಮ್ಮದನ್ನ ನಿಮ್ಮನ್ನ ಕೇಳದೆ ಹಾಕ್ಕೊಂಡೆ." ಅಷ್ಟೇ ಹೇಳಿ ಬಾಗಿಲತ್ತ ನಡೆದುಬಿಟ್ಟ.

ಸೈಮಿ ತಮ್ಮನ ಕಡೆ ತಿರುಗಿದಳು. "ಅದು ನಮ್ಮಿಬ್ಬರದಾಗಿತ್ತು ಕಣೋ! ಸಂತೇಲಿ ಹರಡಿಬಿಟ್ಟೆಯಲ್ಲ!"

"ಬೈಯಿ, ಹೊಡಿ, ಏನಾದ್ರೂ ಮಾಡು." ವೇಯ್ಕನ ಕಣ್ಣು ತುಂಬಿತ್ತು. "ನೀನು ನನ್ನೊಬ್ಬನಿಗೇ ಅಂತ ಬದುಕಿಬಿಟ್ಟೆ ಅಕ್ಕ. ನಾನು ಬದುಕಿದೆ, ನೀನು ಮಾತ್ರ ಇನ್ನೂ ಆ ಮಂಚದ ಪಕ್ಕಾನೇ ಕೂತಿದ್ದೀಯ. ನೋಡೋಕಾಗ್ಲಿಲ್ಲ ನನಗೆ. ಆದ್ರೆ ಒಂದು ಕೇಳು. ಅವರಿಗೆ ಬರೆದದ್ದರಲ್ಲಿ ಒಂದು ಮಾತೂ ನನ್ನದಲ್ಲ!"

"ಅಂದ್ರೆ?"

"ಊಟಕ್ಕೆ ಕೂತಾಗ ದಿನಾ ತಲೆ ತಿಂತಿದ್ದೆನಲ್ಲ? ಅಂಬಿಗ ತಾನೇ ಯಾಕೆ ಆಚೆ ದಡದಲ್ಲಿ ಇಳಿಯಲ್ಲ ಅಂತ ಕೇಳ್ದಾಗ ಏನಂದೆ ನೀನು?"

ಸೈಮಿಗೆ ನೆನಪಾಯಿತು. ಮೀನಿನ ಸಾರು ಕಲಕುತ್ತ ಹೇಳಿದ್ದಳು. 'ಇಳಿದರೆ ಅಲ್ಲಿ ತನಗಾಗಿ ಯಾರೂ ಕಾದಿರಲ್ಲ ಅಂತ ಅವನಿಗೆ ಭಯ ಕಣೋ.'

"ಹಾಗೇ ಬರೆದೆ. ಎಲ್ಲಾನೂ ಹಾಗೇ. ಅವರು ಏನಂತಾರೆ ಅಂತ ನಿನಗೂ ಹೇಳ್ತಿದ್ದೆ... 'ನನ್ನ ಸ್ನೇಹಿತನೊಬ್ಬ' ಅಂತ."

ಆ ಸ್ನೇಹಿತ! ಔಲುವಿನ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವವನು. ಮೊದಲ ಸಲ ಚಮಚ ಕೆತ್ತಿದ ಮಕ್ಕಳ ಮುಖ ನೋಡಲೆಂದೇ ಕೆಲಸಕ್ಕೆ ಹೋಗುವವನು. ಅವನ ಮಾತು ಕೇಳಲೆಂದೇ ಅಲ್ಲವೇ ಅವಳು ಊಟ ಮುಗಿದರೂ ಏಳದೆ ಕೂರುತ್ತಿದ್ದುದು? 'ಇಂಥವನು ಎದುರಿಗೆ ಬಂದರೆ ಬಿಡಲ್ಲ ನೋಡು' ಎಂದು ನಗುತ್ತ ಹೇಳಿದ್ದೂ ಅವಳೇ!

'ಎದುರಿಗೆ ಬಂದಿದ್ದ. ಕಳ್ಳ ಅಂದುಬಿಟ್ಟೆ...!'

"ನಿನ್ನನ್ನ ಮನೇಲಿ ವಿಚಾರಿಸ್ಕೋತೀನಿ," ಎಂದವಳೇ ಓಡಿದಳು.

ಸಭಾಂಗಣದ ಹಿಂದಿನ ಉದ್ಯಾನದಲ್ಲಿ, ಕೊಳದ ಪಕ್ಕದ ದಾರಿಯಲ್ಲಿ ಅವನು ಹೋಗುತ್ತಿದ್ದ. ಬಿಸಿಲಿಗೆ ಆ ಕೋಟು ಕಳಚಿ ತೋಳ ಮೇಲೆ ಹಾಕಿಕೊಂಡಿದ್ದ.

"ಓತ್ಸೊ! ನಿಲ್ಲಿ!"

ಅವನು ನಿಂತ. ಅವಳಿಗೆ ಏದುಸಿರು.

"ಅವನ್ದು ಬರೀ ಕೈ. ಮಾತೆಲ್ಲ ನನ್ನದು! ನನಗೆ ಗೊತ್ತಿಲ್ಲದೆ... ನನ್ನದೇ! ನಿಮ್ಮ ಮಾತೂ ನನ್ನವರೆಗೆ ಬರ್ತಿತ್ತು. ಚಮಚ ಕೆತ್ತೋ ಮಕ್ಕಳು... ನಿಮ್ಮಣ್ಣ ದೋಣಿಗೆ ಹಳದಿ ಬಳಿದು ಬೈಸಿಕೊಂಡಿದ್ದು... ಅದನ್ನ ಕೇಳಿ ಆ ರಾತ್ರಿ ಅತ್ತಿದ್ದೀನಿ ನಾನು!"

ಓತ್ಸೊ ಒಂದು ಹೆಜ್ಜೆ ಹತ್ತಿರ ಬಂದ.

"ಅದನ್ನ ಒಬ್ಬರಿಗೆ ಮಾತ್ರ ಬರೆದಿದ್ದೆ..."

"ಆ ಒಬ್ಬಳು ನಾನೇ. ನನಗೇ ಈಗ ಗೊತ್ತಾಗಿದ್ದು."

ಅವನ ಕಣ್ಣಂಚು ಒದ್ದೆಯಾಯಿತು. "ಒಂದು ಮಾತು ಹೇಳಬೇಕು ಅಂತಲೇ ಔಲುವಿನಿಂದ ಬಂದೆ. ಹೇಳ್ಲಾ?"

"ಭೇಟಿಯಾದ ದಿನವೇ ಅಂಥ ಮಾತು... ಬೇಗ ಆಗಲ್ವಾ?"

"ನನ್ನ ಪಾಲಿಗೆ ಎರಡು ವರ್ಷ ತಡ ಆಗಿದೆ, ಸೈಮಿ."

ಅವಳು ಅವನ ತೋಳ ಮೇಲಿದ್ದ ಕೋಟನ್ನು ತೆಗೆದು ಬೆಂಚಿನ ಮೇಲಿಟ್ಟಳು. ಬರಿದಾದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಹಾಗಾದ್ರೆ ಇನ್ನೂ ತಡ ಮಾಡಬೇಡ. ಹೇಳು."