ಹನ್ನೆರಡು ತಾಸಿನ ಉಪವಾಸ

"ಮುಷ್ಟಿ ಬಿಗೀರಿ," ಎಂದಳು ಲ್ಯಾಬಿನ ಮುಮ್ತಾಜಬಿ.

ಬಿಗಿದೆ. ಸೂಜಿ ಒಳಗೆ ಹೋಯಿತು. ನೋವಾಗಲಿಲ್ಲ. ಹೆಂಡತಿ ಕುಲ್ಸುಮ ತೀರಿಹೋದ ಎರಡು ವರ್ಷದಿಂದ ನನಗೆ ನೋವು, ಹಸಿವು ಎರಡೂ ತಾಕುತ್ತಿರಲಿಲ್ಲ.

"ರಕ್ತ ಕೊಟ್ರ ರೋಜಾ ಮುರಿಯೂದಿಲ್ರಿ, ದಾದಾಪೀರ ಅವರ. ಹೆದರಬ್ಯಾಡ್ರಿ."

"ಇಲ್ರಿ," ಎಂದೆ. ಮಾಡದ ಉಪವಾಸ ಮುರಿಯುವುದಾದರೂ ಹೇಗೆ?

ಮೂರು ತಿಂಗಳಿಗೊಮ್ಮೆ ಬ್ಯಾಡಗಿಯಿಂದ ರಾಣೆಬೆನ್ನೂರಿನ ಈ ಲ್ಯಾಬಿಗೆ ಬಂದು ಕೊಲೆಸ್ಟ್ರಾಲ್, ಬಿಪಿ ನೋಡಿಸಬೇಕೆಂದು ಡಾಕ್ಟರ ಕಟ್ಟಪ್ಪಣೆ. ರಕ್ತಕ್ಕೆ ಹನ್ನೆರಡು ತಾಸು ಖಾಲಿ ಹೊಟ್ಟೆ. ತೊಂಬತ್ತೆಂಟರ ಜನವರಿ, ರಮಜಾನ್ ನಡೆದಿತ್ತು. "ಸಂಜಿ ಐದೂವರಿಗೆ ಬರ್ರಿ, ನಸುಕಿನ ಸೆಹರಿ ಉಂಡು ಹನ್ನೆರಡು ತಾಸು ಆಗಿರತೈತಿ," ಎಂದು ಆಕೆಯೇ ಸಲೀಸು ಮಾಡಿಕೊಟ್ಟಿದ್ದಳು. ನಾನು ಮೂರಕ್ಕೇ ಬಸ್ಸಿಳಿದು, ಗುರುತಿನವರಿಲ್ಲದ ಕಡೆ ಗಿರ್ಮಿಟ್ಟು, ನಾಲ್ಕು ಮಿರ್ಚಿ ಭಜಿ ತಿಂದು ಮುಗಿಸಿದ್ದೆ. ರುಚಿಗಲ್ಲ, ರೂಢಿಗೆ.

ಆಕೆ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಹಾವೇರಿಯಿಂದ ದಿನಾ ಓಡಾಡುವಾಕೆ. ನನ್ನ ಹಾಗೇ ಒಂಟಿ. ನಾನು ಡಾಕ್ಟರ ಮೂಗಿನ ದನಿ ತೆಗೆದೆ. "ದಾದಾಪೀರಾ, ನಿನ್ನ ರಕ್ತದಾಗ ಕೊಬ್ಬು ಐತಿ. ಮಾತಿನ್ಯಾಗ ಅದಕ್ಕಿಂತ ಹೆಚ್ಚೈತಿ."

ನಕ್ಕಳು. ಪಾದರಸದ ಮೇಲಿರಬೇಕಾದ ಕಣ್ಣು ಒಂದು ಕ್ಷಣ ನನ್ನ ಮೇಲಿತ್ತು. ಪಟ್ಟಿಗೆ ಮತ್ತೆ ಗಾಳಿ ಹಾಕಬೇಕಾಯಿತು.

"ನಗಿಸಬ್ಯಾಡ್ರಿ. ಬಡಿತ ತಪ್ಪತೈತಿ."

"ಯಾರದು?"

ಪಟ್ಟಿ ಬಿಚ್ಚುತ್ತ ಕೇಳಿದಳು, "ಎಲ್ಲಾರ ದನಿ ತಗೀತೀರಿ. ನಿಮ್ದು ಯಾವುದ್ರಿ?"

"ಅದು ರಿಪೇರಿಗೆ ಹೋಗೈತ್ರಿ."

ಬೆಂಚಿನ ಮೇಲೆ ಬ್ಯಾಡಗಿಯಲ್ಲಿ ನಾನೂ ನನ್ನ ತಾಯಿಯೂ ಇರುವ ಓಣಿಯ ಹಿರಿಯ ರಹಿಮಾನಸಾಬ ಚಾಚಾ ಕೂತಿದ್ದರು, ಅವರೂ ಬಿಪಿಗೆ ಬಂದವರೇ. ಯಂತ್ರದಲ್ಲಿ ತಿರುಗಿ ನಿಂತ ನನ್ನ ರಕ್ತದ ಟ್ಯೂಬನ್ನು ಮುಮ್ತಾಜಬಿ ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಪಿನ ಮೇಲೆ ತಿಳಿಯಾಗಿ ನಿಲ್ಲಬೇಕಾದ ನೀರು ಹಾಲಿನಂತೆ ಬೆಳ್ಳಗಿತ್ತು. ಎಣ್ಣೆಯದು ತಿಂದು ಬಂದವನ ರಕ್ತ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಕೆಯ ಮುಖ ನೋಡಿ ಗೊತ್ತಾಯಿತು.

"ಏನಾತ ಬೇಟಿ?" ಎಂದರು ಚಾಚಾ.

"ಟ್ಯೂಬ್ ಸೀಳೇತ್ರಿ ಚಾಚಾ. ಇವರು ನಾಳೆ ಮತ್ತ ಬರಬೇಕು."

ಟ್ಯೂಬು ಕಸದ ಡಬ್ಬಿಗೆ ಬಿತ್ತು. ಹೊರಗೆ ಮಸೀದಿಯಿಂದ ರೋಜಾ ಬಿಡುವ ಹೊತ್ತಿನ ಬಾಂಗು ಕೇಳಿತು. ಚಾಚಾನಿಗೊಂದು ಖರ್ಜೂರ ಕೊಟ್ಟು, ನನ್ನ ಅಂಗೈಯಲ್ಲೂ ಒಂದಿಟ್ಟಳು. ಚಾಚಾ ನೀರಿನ ಕೊಡದ ಕಡೆ ಹೋದಾಗ ಮೆಲ್ಲಗೆ ಅಂದಳು, "ರೋಜಾದಾಗ ನನ್ನ ಕಡೆ ಸುಳ್ಳು ಹೇಳಿಸಿದ್ರಿ."

"ಯಾಕ ಹೇಳಿದ್ರಿ ಮತ್ತ?"

"ಆ ರಿಪೋರ್ಟ್ ಹೋದ್ರ ಡಾಕ್ಟರು ಗುಳಿಗಿ ಹೆಚ್ಚು ಮಾಡ್ತಿದ್ರು. ಚಾಚಾನ ಮುಂದ ಖರೇ ಹೇಳಿದ್ರ ನಿಮ್ಮ ತಾಯಿ ಓಣ್ಯಾಗ ತಲಿ ಎತ್ತೂದು ಹ್ಯಾಂಗ?" ತಡೆದು, "ನಾಳೆನೂ ಹಿಂಗ ಬಂದ್ರ ನನ್ನ ಕಡೆ ಇನ್ನೊಂದ ಸುಳ್ಳಿಲ್ಲ," ಎಂದಳು.

ಖರ್ಜೂರ ಬಾಯಲ್ಲಿತ್ತು. ಸಿಹಿ ಅನ್ನಿಸಲಿಲ್ಲ.

ಮರುದಿನ ಸೆಹರಿ ಉಂಡವನು ಆಮೇಲೆ ಏನೂ ಮುಟ್ಟಲಿಲ್ಲ. ಮಧ್ಯಾಹ್ನದ ತನಕ ಏನೂ ಅನ್ನಿಸಲೂ ಇಲ್ಲ. ಮೂರಕ್ಕೆ ಬಸ್ಸಿಳಿದಾಗ ಮಿರ್ಚಿಯ ವಾಸನೆ ಬಂತು. ದಾಟಿದೆ. ನಾಲ್ಕಕ್ಕೆ ಹೊಟ್ಟೆಯಲ್ಲಿ ಏನೋ ಹಿಂಡಿತು. ಬಹಳ ದಿನದ ಮೇಲೆ ಬಂದ ನೆಂಟನಂತೆ, ಚಟ್ಟನೆ ಗುರುತು ಹತ್ತಲಿಲ್ಲ.

ಐದೂವರೆಗೆ ಸೂಜಿ ಚುಚ್ಚಿದಾಗ ತೋಳು ಅದುರಿತು.

"ನೋವಾತೇನ್ರಿ?"

"ಸ್ವಲ್ಪ."

ಟ್ಯೂಬು ತಿರುಗಿತು. ಕಿಟಕಿಗೆ ಹಿಡಿದಳು. ತಿಳಿ ಹಳದಿ, ಆಚೆ ನಿಂತ ಆಟೋ ಕಾಣುವಷ್ಟು ತಿಳಿ. ನೋಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಇವತ್ತ ಯಾರ ದನೀನೂ ಇಲ್ಲೇನ್ರಿ?"

ಬಾಯಿ ತೆರೆದೆ. ತುಕ್ಕು ಹಿಡಿದದ್ದೊಂದು ಹೊರಬಂತು. ನನ್ನದೇ.

"ಮುಮ್ತಾಜ, ನನಗ ಹಸಿವಾಗೇತಿ."

ಆಕೆ ಸ್ಟೂಲೊಂದನ್ನು ತನ್ನ ಪಕ್ಕಕ್ಕೆ ಎಳೆದು, ಒಂದೇ ಖರ್ಜೂರ ಸೀಳಿ ಎರಡು ಮಾಡಿ ಕಾಗದದ ಮೇಲಿಟ್ಟಳು.

"ಬಾಂಗಿಗೆ ಇನ್ನ ಏಳು ನಿಮಿಷ ಐತಿ. ತಡೀರಿ. ನಾನೂ ತಡದೇನಿ."

"ಎಷ್ಟ ದಿನದಿಂದ?"

"ನಾಕು ರಿಪೋರ್ಟ್ ಆತು."

ಮೂರು ತಿಂಗಳಿಗೊಂದು, ಅಂದರೆ ಒಂದು ವರ್ಷ. ಆಕೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತೆ.