ತಡವಾಗಿ ಏಳುವ ಬೆರಳುಗಳು

ಬ್ರಷ್ ಮತ್ತೆ ಕೈಜಾರಿ ಕೆಳಗೆ ಬಿತ್ತು. ಇದು ಮೂರನೇ ಸಲ.

ಶಾಲೆಯ ಉದ್ದನೆಯ ಗೋಡೆಯ ಮೇಲೆ ಐದನೇ ಕ್ಲಾಸಿನವರು ಸಮುದ್ರ ಬಿಡಿಸುತ್ತಿದ್ದರು. ನಡುವೆ ಒಂದು ದೊಡ್ಡ ನೀಲಿ ತಿಮಿಂಗಿಲ. ಅದಕ್ಕೆ ಕಣ್ಣು ಬಿಡಿಸುವ ಕೆಲಸ ಗಿಣಿಯದು. ಬಾಯಿ ಬಿಟ್ಟರೆ ಮುಚ್ಚದ ಹುಡುಗಿ, ಅದಕ್ಕೇ ಆ ಅಡ್ಡಹೆಸರು. ಇವತ್ತು ಅವಳ ಕೈಯಲ್ಲಿ ಬ್ರಷ್ಷೇ ನಿಲ್ಲುತ್ತಿಲ್ಲ.

“ಬೆಲ್ ಹೊಡೆದ ಕೂಡ್ಲೆ ಪೇಂಟ್ ಡಬ್ಬ ಮುಚ್ತೀನಿ. ಉಳಿದಿದ್ದನ್ನ ನಾನೇ ಮುಗಿಸ್ತೀನಿ,” ಎಂದಿದ್ದರು ಡ್ರಾಯಿಂಗ್ ಮಿಸ್.

ಗಿಣಿಗೆ ಎರಡು ವರ್ಷದಿಂದ ಕೀಲುನೋವು. ಬೆಳಿಗ್ಗೆ ಬೆರಳುಗಳು ಬಿಗಿದುಕೊಂಡಿರುತ್ತವೆ. ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟುಕೊಂಡರೆ ಸಡಿಲವಾಗುತ್ತವೆ. ಇವತ್ತು ಬೇಗ ಬರುವ ಆತುರದಲ್ಲಿ ಆ ನೀರನ್ನು ಅಮ್ಮನಿಗೆ ಕಾಣದ ಹಾಗೆ ಚೆಲ್ಲಿ ಬಂದಿದ್ದಳು. ಕ್ಲಾಸಿನಲ್ಲಿ ಯಾರಿಗೂ ಈ ವಿಷಯ ಹೇಳಿರಲಿಲ್ಲ.

“ನಿನ್ ಕೈಲಿ ಆಗ್ದಿದ್ರೆ ಕೊಡೇ, ನಾನೇ ಬಿಡಿಸ್ತೀನಿ,” ಎಂದಳು ಪಕ್ಕದ ಬೆಂಚಿನ ಗೆಳತಿ.

ಗಿಣಿಗೆ ಅಳು ಉಕ್ಕಿ ಬಂತು. ಒಂದು ವಾರದಿಂದ ಅವಳು ಆ ಕಣ್ಣಿನದೇ ಕನಸು ಕಾಣುತ್ತಿದ್ದಳು.

“ಬೇಡ! ನಂಗೆ ಸ್ವಲ್ಪ ಬಿಸಿನೀರು ಬೇಕು. ಬಕೆಟ್‌ನಲ್ಲಿ.”

“ಯಾಕೆ, ತಿಮಿಂಗಿಲಕ್ಕೆ ಸ್ನಾನ ಮಾಡಿಸ್ತೀಯಾ?”

“ನನ್ ಕೈಗೆ ಕಣೇ. ನಂಗೆ ಕೀಲುನೋವಿದೆ.”

“ಅದು ಅಜ್ಜಿಯರಿಗೆ ಬರೋದಲ್ವಾ?”

“ನಂಗೂ ಬಂದಿದೆ, ಏನ್ಮಾಡ್ಲಿ?”

ಗೆಳತಿ ಒಂದು ಗಳಿಗೆ ಅವಳ ಕೈಯನ್ನೇ ನೋಡಿದಳು. ಆಮೇಲೆ ಓಡಿಹೋಗಿ ಶಾಲೆಯ ಆಯಾಳನ್ನು ಕರೆತಂದಳು. ಆಯಾಳ ಕೈಯಲ್ಲಿ ಅರ್ಧ ಬಕೆಟ್ ಬೆಚ್ಚಗಿನ ನೀರು.

ಗಿಣಿ ಎಲ್ಲರ ಎದುರಿಗೇ ಕೂತು ಕೈ ಇಳಿಬಿಟ್ಟಳು. ಆಹಾ! ಬಿಸಿ ಮೆಲ್ಲಗೆ ಮಣಿಕಟ್ಟಿನವರೆಗೆ ಏರಿತು. ಕಣ್ಣು ತಾನಾಗಿ ಅರೆಮುಚ್ಚಿತು. ಗೋಡೆಯ ಅಲೆಗಳು ಅಲ್ಲಾಡಿದವು. ಮೀನುಗಳು ಒಂದೊಂದಾಗಿ ಬಕೆಟ್ಟಿಗೆ ಜಾರಿ ಅವಳ ಬೆರಳುಗಳ ನಡುವೆ ಈಜಿದವು. ಮೊದಲು ಹೆಬ್ಬೆರಳು ಎದ್ದಿತು. ಆಮೇಲೆ ತೋರುಬೆರಳು. ಕಿರುಬೆರಳು ಮಾತ್ರ ರಜಾದಿನದ ಹುಡುಗನ ಹಾಗೆ ಇನ್ನೂ ಮುದುರಿ ಮಲಗಿತ್ತು.

“ಸಾಕು ಬಾರೇ, ಬೆಲ್ ಹೊಡೆಯುತ್ತೆ!” ಗೆಳತಿ ಚಡಪಡಿಸಿದಳು.

“ಇರು. ಇನ್ನೂ ಎರಡು ನಿಮಿಷ.”

ಹಾಗೆಂದಿದ್ದು ತಾನೇನಾ ಎಂದು ಗಿಣಿಗೇ ಆಶ್ಚರ್ಯವಾಯಿತು. ಬೆಲ್ ಹೊಡೆದುಬಿಡುತ್ತದೆ ಎಂಬ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಎರಡು ನಿಮಿಷದ ಮೇಲೆ ಎದ್ದು ಬ್ರಷ್ ಹಿಡಿದಳು. ಅದು ಬೀಳಲಿಲ್ಲ. ತಿಮಿಂಗಿಲಕ್ಕೆ ಅರ್ಧ ತೆರೆದ ಕಣ್ಣು ಬಂತು.

“ಯಾಕೇ ಅದು ತೂಕಡಿಸ್ತಿದೆ?” ಎಂದಳು ಗೆಳತಿ.

“ತೂಕಡಿಸ್ತಿಲ್ಲ. ಈಗ ತಾನೇ ಏಳ್ತಿದೆ.”

ಬೆಲ್ ಹೊಡೆಯಿತು. ಮಿಸ್ ಡಬ್ಬ ಮುಚ್ಚಿದರು. ಮಕ್ಕಳೆಲ್ಲ ಕೈ ತೊಳೆಯಲು ನಲ್ಲಿಯತ್ತ ನುಗ್ಗಿದರು. ಬಕೆಟ್ಟಿನ ನೀರು ಚೆಲ್ಲಲು ಬಗ್ಗಿದ ಗಿಣಿ ಹಾಗೇ ನಿಂತಳು. ನೀರು ಇನ್ನೂ ಬೆಚ್ಚಗಿತ್ತು. ಬಿಡಿಸುವುದಕ್ಕೆ ಈಗ ಏನೂ ಉಳಿದಿರಲಿಲ್ಲ.

ಆದರೂ ಅವಳು ಕೂತು, ಎರಡೂ ಕೈಗಳನ್ನು ಮತ್ತೆ ನೀರಿಗಿಳಿಸಿದಳು.